ಚಿಕ್ಕಮ್ಮ ತರದ ಡಬ್ಬಿ

ನಮ್ಮ ಚಿಕ್ಕಮ್ಮನ ಹಿಂದಿನ ಕೋಣೆಯಲ್ಲಿ ಬಿಟ್‌ಕಾಯಿನ್ ಹುಡುಕುವ ಒಂದು ಡಬ್ಬಿ ಇದೆ. ಬಿಸ್ಕತ್ತಿನ ಡಬ್ಬದಷ್ಟು ಗಾತ್ರ, ಜೇನುಗೂಡಿನಷ್ಟು ಗದ್ದಲ. ಆಸ್ಪತ್ರೆಯ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕಸುಬು. ಮಳೆಗಾಲದಲ್ಲಿ ಆ ಡಬ್ಬಿಯ ಬಿಸಿಗಾಳಿಯೇ ಅವಳ ಬಿಸಿಲು.

ಇದೆಲ್ಲ ವೈರಿಂಗ್ ಕೆಲಸದ ಕರೆಂಟಣ್ಣನ ಕಿತಾಪತಿ. ಲೋಕದ ತುಂಬ ಯಂತ್ರಗಳು ಒಂದು ಅಂಕಿಯನ್ನು ಊಹಿಸುತ್ತ ಕೂತಿವೆಯಂತೆ. ಮೊದಲು ಸರಿಯಾಗಿ ಊಹಿಸಿದವರಿಗೆ ನಾಣ್ಯವಂತೆ. ದೊಡ್ಡ ಶೆಡ್ಡಿನವರು ಯಂತ್ರಗಳ ಸಾಲೇ ಹೂಡಿ ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದಾರಂತೆ. "ಯಂತ್ರ ಮನೆಮನೆಗೂ ಚದುರಬೇಕು. ಒಂದು ಕಡೆ ಕರೆಂಟ್ ಹೋದ್ರೂ ಇನ್ನೊಂದು ಕಡೆ ಓಡ್ತಿರ್ಬೇಕು," ಅಂತ ಹೇಳಿ ಹೇಳಿ ಅವನು ಅಕ್ಕಪಕ್ಕದ ಬೀದಿಯವರ ಒಂದು ಕೂಟ ಕಟ್ಟಿದ. ಕೂಟದ ದುಡ್ಡಲ್ಲಿ ಮನೆಗೊಂದು ಡಬ್ಬಿ. ಯಾರ ಡಬ್ಬಿಗೆ ಅದೃಷ್ಟ ಒಲಿದರೂ ಎಲ್ಲರಿಗೂ ಸಮಪಾಲು. ಎರಡು ವರ್ಷವಾದರೂ ಒಲಿದಿರಲಿಲ್ಲ. ಅಷ್ಟರಲ್ಲಿ ಬೇಕರಿಯವರು ಅದರ ಶಾಖಕ್ಕೆ ಹಿಟ್ಟು ಉಬ್ಬಿಸುವುದನ್ನೂ, ನಿವೃತ್ತ ಮೇಷ್ಟ್ರು ಮಂಡಿ ಕಾಯಿಸಿಕೊಳ್ಳುವುದನ್ನೂ ಕಲಿತಿದ್ದರು.

ಎರಡು ವರ್ಷ ತುಂಬಿದ ಖುಷಿಗೆ ಕರೆಂಟಣ್ಣನಿಗೊಂದು ಹುಕಿ ಬಂತು. ಭಾನುವಾರ ಎಲ್ಲ ಡಬ್ಬಿಗಳೂ ಅವನ ಹಾಲಿಗೆ ಬರಬೇಕು, ಒಟ್ಟಿಗೆ ಓಡಬೇಕು, ಒಂದು ಫೋಟೋ ಆಗಬೇಕು. ಚದುರಿದ್ದೇವೆ ಎಂದು ಸಂಭ್ರಮಿಸಲು ಒಂದೇ ಕಡೆ ಸೇರುವುದು. ಇದರಲ್ಲೇನೋ ಎಡವಟ್ಟಿದೆ ಎಂದು ಮೇಷ್ಟ್ರಿಗೂ ಹೊಳೆಯಲಿಲ್ಲ, ನನಗಂತೂ ಬಿಡಿ.

ಭಾನುವಾರ ಕರೆಂಟಣ್ಣನೂ ನಾನೂ ಡಬ್ಬಿ ಒಯ್ಯಲು ಹೋದರೆ ಚಿಕ್ಕಮ್ಮ ಮಾತ್ರ ಜಗ್ಗಲಿಲ್ಲ. "ಸಂಜೆ ಆಸ್ಪತ್ರೆ ಗಾಡಿ ಬರತ್ತೆ ಕಣಪ್ಪ. ಹೋದ ವಾರ ಬಟ್ಟೆ ಹಸಿ ಇತ್ತು ಅಂತ ಬೈಸ್ಕೊಂಡಿದೀನಿ. ಇವತ್ತೂ ಹಂಗಾದ್ರೆ ಕೆಲಸ ಬೇರೆಯವ್ರಿಗೆ ಕೊಡ್ತಾರಂತೆ."

"ಒಂದು ಮಧ್ಯಾಹ್ನ ಅಕ್ಕ. ನೀವೊಬ್ರೇ ತರಲ್ಲ ಅಂದ್ರೆ ಕೂಟಕ್ಕೇನು ಮರ್ಯಾದೆ? ಡಬ್ಬಿ ವಾಪಸ್ ಕೊಟ್ಬಿಡಿ ಹಾಗಾದ್ರೆ."

"ನಾಳೆ ಬಂದು ತಗೊಂಡೋಗು. ಇವತ್ತು ಬೆಡ್‌ಶೀಟು ಒಣಗ್ಲಿ."

ಹೇಳಿಬಿಟ್ಟಳೇ ಹೊರತು, ನಾನು ಹೊರಡುವಾಗ ನೋಡಿದೆ: ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದಳು. ನಾಳೆಯಿಂದ ಮಳೆಯಲ್ಲಿ ಏನು ಮಾಡುವುದು?

ಇತ್ತ ಕರೆಂಟಣ್ಣನ ಹಾಲಿನಲ್ಲಿ ಸೋಫಾದ ಮೇಲೆ ಡಬ್ಬಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಡಬ್ಬಿ, ಬೇಕರಿಯವರ ಮಡಿಲಲ್ಲೊಂದು ಡಬ್ಬಿ. ಸೆಖೆಗೆ ಮೇಷ್ಟ್ರು ಸ್ವೆಟರ್ ಬಿಚ್ಚಿದರು. "ಎಲ್ರೂ ನಗಿ," ಎಂದು ಕರೆಂಟಣ್ಣ ಕೊನೆಯ ಸ್ವಿಚ್ ಒತ್ತಿದ.

ಟಪ್. ಮನೆಯಷ್ಟೇ ಅಲ್ಲ, ಇಡೀ ಬೀದಿಯ ಕರೆಂಟು ಹೋಯಿತು.

"ಒಬ್ಬ ಎಲೆಕ್ಟ್ರಿಷಿಯನ್ ಮನೇಲಿ," ಎಂದರು ಮೇಷ್ಟ್ರು ಶಾಂತವಾಗಿ. ಕರೆಂಟಣ್ಣ ಫ್ಯೂಸ್ ಪೆಟ್ಟಿಗೆಯೊಳಗೆ ತಲೆ ಹುದುಗಿಸಿದ. ಹೊರಗೆ ತೆಗೆಯುವ ಮುಖವಿರಲಿಲ್ಲ.

ಆಗ ನನ್ನ ಫೋನು ರಿಂಗಾಯಿತು. ಪಕ್ಕದ ಬೀದಿಯಿಂದ ಚಿಕ್ಕಮ್ಮ. ಸ್ಪೀಕರಿಗೆ ಹಾಕಿದೆ.

"ಲೇ, ಈ ಡಬ್ಬಿಗೇನೋ ಬಂದಿದೆ. ಹಸಿರು ಹಸಿರಾಗಿ ಮಿಣುಕ್ತಿದೆ. ಬೆಂಕಿಗಿಂಕಿ ಹತ್ಕೊಂಡು ಬಟ್ಟೆ ಸುಟ್ರೆ ಕಷ್ಟ. ವೈರು ಕಿತ್ತುಬಿಡ್ಲಾ?"

ಕರೆಂಟಣ್ಣನ ತಲೆ ಪೆಟ್ಟಿಗೆಗೆ ಬಡಿದು ಹೊರಬಂತು. "ಹಸಿರಾ? ಅಕ್ಕ, ಮುಟ್ಬೇಡಿ. ಉಸಿರು ಕೂಡ ಬಿಡ್ಬೇಡಿ."

"ಉಸಿರು ಬಿಡ್ದೆ ಇಸ್ತ್ರಿ ಹೆಂಗೋ ಮಾಡ್ಲಿ?" ಎಂದು ಅವಳು ಫೋನಿಟ್ಟಳು.

ಓಡಿದೆವು. ಮೇಷ್ಟ್ರ ಮಂಡಿನೋವು ಎಲ್ಲಿ ಹೋಯಿತೋ, ಎಲ್ಲರಿಗಿಂತ ಮುಂದೆ ಅವರೇ. ಮಳೆಯಲ್ಲಿ ತೊಪ್ಪೆಯಾಗಿ, ತೂಗುಬಿಟ್ಟ ಬಿಳಿ ಬೆಡ್‌ಶೀಟುಗಳ ಕೆಳಗೆ ನುಸುಳಿ ನೋಡಿದರೆ, ಕೂಟದಲ್ಲಿ ಓಡುತ್ತಿದ್ದ ಒಂದೇ ಒಂದು ಡಬ್ಬಿ ಲೋಕದ ಶೆಡ್ಡುಗಳನ್ನೆಲ್ಲ ಹಿಂದೆ ಹಾಕಿ ಅಂಕಿ ಹಿಡಿದಿತ್ತು. ಬೇಕರಿಯವರು ಮೇಷ್ಟ್ರನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದರು. ಕರೆಂಟಣ್ಣ ನೆಲದ ಮೇಲೆ ಕೂತು ನಕ್ಕ, ಬಿಕ್ಕಳಿಕೆ ಬರುವವರೆಗೆ ನಕ್ಕ.

"ಕುಣಿಯೋರು ಆಚೆ ಕುಣೀರಿ, ನೀರು ಸಿಡೀತಿದೆ," ಎಂದಳು ಚಿಕ್ಕಮ್ಮ. ಆಚೆ ಆಸ್ಪತ್ರೆ ಗಾಡಿಯ ಹಾರ್ನ್ ಕೇಳಿಸಿತು. "ಅಯ್ಯೋ, ಇನ್ನೂ ಒಂದೂ ಮಡಚಿಲ್ಲ. ಎಲ್ರೂ ಕೈ ಒರೆಸ್ಕೊಂಡು ಬನ್ನಿ."

ಅದೃಷ್ಟವಂತರೆಲ್ಲ ಸಾಲಾಗಿ ನಿಂತು ಬೆಡ್‌ಶೀಟು ಮಡಚಿದೆವು. ಒಂದೂ ಹಸಿಯಿರಲಿಲ್ಲ.

"ನಾಳೆ ಎಷ್ಟೊತ್ತಿಗೆ ಬರ್ತೀಯೋ, ಡಬ್ಬಿ ತಗೊಂಡೋಗಕ್ಕೆ?" ಎಂದು ಚಿಕ್ಕಮ್ಮ ಕರೆಂಟಣ್ಣನನ್ನು ಕೇಳಿದಳು.

ಅವನು ಬೆಡ್‌ಶೀಟಿನ ಹಿಂದೆ ಮುಖ ಮರೆಸಿಕೊಂಡ. "ಅದು ಇಲ್ಲೇ ಇರ್ಲಿ ಅಕ್ಕ. ಅಭ್ಯಾಸ ಆಗಿದೆ ಅದಕ್ಕೆ."

"ಹಾಗಿದ್ರೆ ಮೂಲೆ ಸರಿಯಾಗಿ ಹಿಡಿ."