ಬುಸ್ ಎಂದ ಒಣ ಎಲೆ

ಉಲ್ಲಾಳದ ಬೋರಮ್ಮನಿಗೆ ಹಾವೆಂದರೆ ಅರ್ಧ ಜೀವ ಹೋಗುತ್ತಿತ್ತು. ಪಕ್ಕದ ಖಾಲಿ ಸೈಟಿನಿಂದ ಕೇರೆಹಾವೊಂದು ಬಂದು ಹೋದ ಮೇಲೆ, ಹಾವು ಸುಳಿಯುವುದಿಲ್ಲವೆಂಬ ನಂಬಿಕೆಯಿಂದ ಕೋಣೆಯ ಕಿಟಕಿಗೆ ಈಶ್ವರಿ ಬಳ್ಳಿ ಹಬ್ಬಿಸಿದ್ದಳು. ಆ ಕೋಣೆಯಲ್ಲೀಗ ಮಗಳು ಚೇತನಾಳ ಬಾಣಂತನ.

ಮಗುವೇನೋ ಗುಂಡುಗುಂಡಾಗಿತ್ತು. ತಾಯಿಗೇ ಏನೋ ಆಗಿತ್ತು. ಮಾತಿಲ್ಲ, ನಗುವಿಲ್ಲ, ಹಾಲು ಕುಡಿಸುತ್ತಲೇ ಕಣ್ಣಲ್ಲಿ ನೀರು. "ಸ್ವಲ್ಪ ಹೊರಗೆ ಕೂತ್ಕೋತೀನಮ್ಮ" ಎಂದರೆ, "ಬಾಣಂತಿಗೆ ಗಾಳಿ ತಾಕಬಾರ್ದು ಕಣೇ" ಎಂದು ಬೋರಮ್ಮ ಅವಳ ಕಿವಿಯ ಬಟ್ಟೆಯನ್ನು ಇನ್ನಷ್ಟು ಬಿಗಿಯುತ್ತಿದ್ದಳು.

ಅಷ್ಟರಲ್ಲಿ ಬಳ್ಳಿಗೆ ಹುಳ ಬಿತ್ತು. ಕಡುಗೆಂಪು ಮೈ, ಮೈತುಂಬ ಮೆತ್ತನೆಯ ಮುಳ್ಳು, ಹೊಟ್ಟೆಯೋ ತುಂಬುವಂಥದ್ದೇ ಅಲ್ಲ. ಬೋರಮ್ಮ ಸೋಪಿನ ನೀರು ತಂದಳು.

"ಬೇಡಮ್ಮ. ಕಾಡಿನ ದೊಡ್ಡ ಚಿಟ್ಟೆ ಅದು, ಕಪ್ಪು ಹಳದಿ ರೆಕ್ಕೇದು. ಮೊಟ್ಟೆ ಇಟ್ಟಿದ್ದನ್ನ ಇಲ್ಲಿಂದಲೇ ನೋಡ್ದೆ. ಮರಿ ಈ ಜಾತಿ ಬಳ್ಳಿ ಬಿಟ್ರೆ ಬೇರೇನೂ ತಿನ್ನಲ್ಲ."

ಎಷ್ಟೋ ದಿನಗಳ ಮೇಲೆ ಮಗಳು ಅಷ್ಟುದ್ದ ಮಾತಾಡಿದ್ದಳು. ಹಾವು ಬಂದರೆ ಬರಲಿ ಎಂದು ಬೋರಮ್ಮ ನೀರನ್ನು ಮೋರಿಗೆ ಸುರಿದಳು.

ಹುಳ ಪೊರೆ ಕಳಚಿ ಕಳಚಿ ದಪ್ಪಗಾಯಿತು, ಆಮೇಲೆ ಕಾಣದಾಯಿತು. "ಎಲ್ಲೋ ಕೋಶ ಕಟ್ಟಿರುತ್ತೆ" ಎಂದು ಚೇತನಾ ಕಿಟಕಿ ಬಿಟ್ಟು ಕದಲಲಿಲ್ಲ.

ನಾಮಕರಣಕ್ಕೆಂದು ಬೋರಮ್ಮ ಬಳ್ಳಿಯ ಒಣಕಡ್ಡಿಗಳನ್ನು ಕುಡುಗೋಲಿನಿಂದ ಸವರುತ್ತಿದ್ದಳು. ಒಂದು ಕಡ್ಡಿ ಕತ್ತರಿಸಿ, ಅದರಲ್ಲಿದ್ದ ಮುದುರಿದ ಎಲೆಯನ್ನು ಮುಟ್ಟಿದ್ದೇ ತಡ, ಅದು ಬುಸ್ ಎಂದಿತು. ಕುಡುಗೋಲು ಒಂದು ಕಡೆ, ಬೋರಮ್ಮ ಒಂದು ಕಡೆ. ನೋಡಿದರೆ ಹಾವಿಲ್ಲ. ಬೆನ್ನ ಸುತ್ತ ಹಾಯ್ದ ನೂಲಿನಿಂದ ಬಿದ್ದ ಕಡ್ಡಿಗೆ ಬಿಗಿದುಕೊಂಡಿದ್ದ ಎಲೆಯೇ ಸೊಂಟ ತಿರುವುತ್ತಿತ್ತು.

ಅಯ್ಯೋ ನನ್ನ ಕೈ ಸೇದೋಗ, ಮಗಳ ಚಿಟ್ಟೆಯ ಕೋಶ! ಕಡ್ಡಿಯನ್ನು ಮೆಲ್ಲಗೆ ಎತ್ತಿ, ಮೊದಲಿದ್ದ ಹಾಗೆಯೇ ನೆಟ್ಟಗೆ ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದಳು. "ಸಿಕ್ತು ಕಣೇ. ಆದ್ರೆ ನನ್ನ ಕೈಯಿಂದ ಬಿದ್ದೋಯ್ತು" ಎಂದಳು. ಚೇತನಾ ಗೋಡೆಗೆ ತಿರುಗಿ ಮಲಗಿದಳು. ಆ ಸಂಜೆಯಿಂದ, ಕೋಶಕ್ಕೆ ತಾಕೀತೆಂದು, ಬೋರಮ್ಮ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಲಿಲ್ಲ.

ನಾಮಕರಣದ ಬೆಳಿಗ್ಗೆ ಕೋಶ ಬಿರಿದಿತ್ತು. ಒದ್ದೆ ರೆಕ್ಕೆಯ ಚಿಟ್ಟೆ ಕಡ್ಡಿಗೆ ಜೋತುಬಿದ್ದಿತ್ತು.

"ಪಾಪ, ಹಸಿಮೈ. ಗಾಳಿಗೆ ಏನಾದ್ರೂ ಮರೆ ಕಟ್ಲೇನೇ?" ಎಂದಳು ಬೋರಮ್ಮ.

ಚೇತನಾ ಎದ್ದು ಕೂತಿದ್ದಳು. "ಬೇಡಮ್ಮ. ಗಾಳಿ ತಾಕಿದ್ರೇನೇ ರೆಕ್ಕೆ ಒಣಗೋದು. ಇಲ್ದಿದ್ರೆ ಹಾರಕ್ಕಾಗಲ್ಲ."

ಬೋರಮ್ಮ ಚಿಟ್ಟೆಯನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಬಂದು ಅವಳ ಕಿವಿಯ ಬಟ್ಟೆ ಬಿಚ್ಚಿ ಮಡಚಿಟ್ಟಳು.

"ಮಗೂನ ಇಲ್ಲಿ ಕೊಡು. ಹೋಗಿ ಮೆಟ್ಲ ಮೇಲೆ ಬಿಸಿಲಿಗೆ ಕೂತ್ಕೋ."