ಬೆಲ್ಲದ ನೀರು

ನಿನ್ನೆ ಬೆಳಗಿನಿಂದ ಆ ಹಕ್ಕಿಯ ಸುಳಿವಿಲ್ಲ. ನೂಬಿಯಾ ಜಗಲಿಯಲ್ಲಿ ಕೂತಳು, ಎದ್ದಳು, ಚಾಕು ಎಲ್ಲಿಟ್ಟೆನೆಂದು ಮನೆಯೆಲ್ಲ ಜಾಲಾಡಿದಳು. ಚಾಕು ಕೈಯಲ್ಲೇ ಇತ್ತು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ ಅಕ್ಕ?" ತಮ್ಮ ಎಲಿಸೆಯೊ ಮೆಟ್ಟಿಲ ಮೇಲೆ ಕೂತು ಗರಗಸದ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. "ಬಂದ್ರೆ ಬರುತ್ತೆ. ಇಲ್ಲಾಂದ್ರೆ ನನ್ನ ಹಸುಗಳಿಗೆ ಹುಲ್ಲುಗಾವಲು ಆಯ್ತು."

ಅಕ್ಕ ತಮ್ಮನ ನಡುವೆ ಮಾತಾಗಿದ್ದೂ ಅಷ್ಟೇ. ಇವತ್ತು ಮಿಂದೊ ಪೇಟೆಯಿಂದ ಹಕ್ಕಿ ನೋಡಲು ಬರುವವರ ಕಣ್ಣಿಗೆ ಹೂವಿನ ಜೇನು ಹೀರುವ ಆ ನೇರಳೆ ಕೊಲಿಬ್ರಿ ಹಕ್ಕಿ ಬಿದ್ದರೆ ಮನೆಯ ಹಿಂದಿನ ಮಂಜುಕಾಡು ಉಳಿಯಬೇಕು. ಮಧ್ಯಾಹ್ನದೊಳಗೆ ಬೀಳದಿದ್ದರೆ ಕಾಡಿಗೆ ಗರಗಸ. ಬೆರಳುದ್ದದ ಹಕ್ಕಿ ನೋಡಿ, ಇಡೀ ಗುಡ್ಡ ಅದರ ಕೊರಳಿಗೆ! ಮಂಜಿನಲ್ಲಿ ಬರೀ ಕಪ್ಪು, ಬಿಸಿಲು ಬಿದ್ದರೆ ಮೈಯೆಲ್ಲ ನೇರಳೆ ಮಖಮಲ್ಲು. ಕೂತ ಮೇಲೂ ರೆಕ್ಕೆಗಳನ್ನು ಒಂದು ಗಳಿಗೆ ಎತ್ತಿಯೇ ಹಿಡಿಯುವ ಜಂಬ ಬೇರೆ.

ಹತ್ತು ಗಂಟೆಗೆ ಮಾರ್ಲೆನ್ ಬಂದಳು, ಹಿಂದೆ ಕ್ಯಾಮೆರಾ ಹೊತ್ತ ಇಬ್ಬರು. ಊರಿಗೆ ಬಂದವರಿಗೆ ಹಕ್ಕಿ ತೋರಿಸುವುದೇ ಅವಳ ಕಸುಬು. ಹಕ್ಕಿಗಳಿಗೆಂದು ತೂಗುಬಿಟ್ಟ ಬಾಟಲಿಯನ್ನು ಮೂಸಿ ಮುಖ ಸಿಂಡರಿಸಿದಳು.

"ನೂಬಿಯಕ್ಕ, ಇದಕ್ಕೇನು ಹಾಕಿದ್ರಿ?"

"ಬೆಲ್ಲದ ನೀರು ಕಣಮ್ಮ. ನಮ್ಮದೇ ಗಾಣದ ಬೆಲ್ಲ, ಮೊನ್ನೆ ಕರಗಿಸಿ ಹಾಕಿದ್ದು. ನೆಂಟರು ಬರೋ ದಿನ ಅಂಗಡಿ ಸಕ್ಕರೆ ಇಡೋಕಾಗುತ್ತಾ?"

"ಬೆಲ್ಲ ನಮಗೆ ಒಳ್ಳೇದು, ಅವಕ್ಕಲ್ಲ. ಹುಳಿ ಬಂದು ಬೂಷ್ಟು ಹಿಡಿದ್ರೆ ನಾಲಿಗೆ ಊದ್ಕೊಂಡು, ಕುಡಿಯೋಕಾಗದೆ ಹಸ್ಕೊಂಡೇ ಸಾಯ್ತವೆ."

ಉಳಿಸಬೇಕೆಂದವಳೇ ಕೈಯಾರೆ ಕೊಂದೆನೇ? ನೂಬಿಯಾ ಬಾಟಲಿಗಳನ್ನು ಇಳಿಸಿ ತಂದು, ಕುದಿನೀರಲ್ಲಿ ಕೈ ಸುಟ್ಟುಕೊಂಡು ತೊಳೆದಳು. ಜನ್ಮವಿಡೀ ಮೂಗು ಮುರಿದ ಬಿಳಿ ಸಕ್ಕರೆಯನ್ನೇ ಕರಗಿಸಿ, ತಣಿಸಿ, ತುಂಬಿಟ್ಟಳು. ಬಂದವರು ಕಾದರು, ಬೇಸತ್ತರು, ಮಾರ್ಲೆನ್ ಜೊತೆ ಹೊರಟೇಹೋದರು. ಎಲಿಸೆಯೊ ಗಡಿಯಾರ ನೋಡಿ, ಮಧ್ಯಾಹ್ನವಾಯಿತೆಂದು ಗರಗಸ ಹೆಗಲಿಗೇರಿಸಿ ಗುಡ್ಡ ಹತ್ತಿದ.

ಆಗ ಬಂತು. ಬಾಟಲಿಯ ಅಂಚಿಗೆ ಕೂತು ರೆಕ್ಕೆ ಎತ್ತಿ ಹಿಡಿಯಿತು. ಬೆಳಗಿನಿಂದ ಕೂತಲ್ಲಿ ಕೂರದ ನೂಬಿಯಾ ಕಲ್ಲಾದಳು. ಅದು ಕುಡಿಯಿತು, ಮತ್ತೆ ಕುಡಿಯಿತು. ಸದ್ಯ, ನಾಲಿಗೆಗೆ ಏನೂ ಆಗಿಲ್ಲ. ಅಷ್ಟರಲ್ಲಿ ಮೇಲೆ ಗರಗಸ ಗುರ್ರೆಂದಿತು. ಕೂಗಿದರೆ ಹಕ್ಕಿ ಹಾರುತ್ತದೆ, ತಮ್ಮನಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಕೂಗದಿದ್ದರೆ ಮರ ಬೀಳುತ್ತದೆ.

ಕೂಗಿಕೊಂಡೇ ಓಡಿದಳು, ಬರಿಗಾಲಲ್ಲಿ. ಹಕ್ಕಿ ಪುರ್ರೆಂದು ಅವಳಿಗಿಂತ ಮುಂದಾಗಿ ಗುಡ್ಡದ ಮಂಜಿನೊಳಗೆ ಹೋಯಿತು.

"ಬಂತು ಕಣೋ, ಬಂತು."

ಎಲಿಸೆಯೊ ಯಂತ್ರ ಆರಿಸಿದ. "ಎಲ್ಲಿ? ತೋರಿಸು."

"ಈ ಮರಗಳಲ್ಲೇ ಎಲ್ಲೋ ಕೂತಿದೆ." ಅವಳಿಗೆ ಏದುಸಿರು. "ಯಾವ ಮರದಲ್ಲಿ ಅದು ಇಲ್ವೋ, ಅದನ್ನ ಕಡಿ ಹೋಗು."

ಅವನು ಗರಗಸ ಕೆಳಗಿಟ್ಟು, ತಲೆಯೆತ್ತಿ, ಒಂದೊಂದೇ ಮರ ನೋಡತೊಡಗಿದ.