ಅಂಗಿ ಹಿಡಿಯುವವರು

ನಿಮ್ಮ ಕಕ್ಕಸಿನಿಂದ ಹರಿದುಹೋದ ನೀರು ಕೊನೆಗೆ ಯಾರ ಬಾಯಿಗೆ ನುಗ್ಗಿತೆಂದು ನೀವು ಎಂದಾದರೂ ಕೇಳಿದ್ದೀರಾ?

"ಇಳಿಯೋ ಬೋಳಿಮಗನೇ! ಕಂಡೋರ ಹೇಲಲ್ಲಿ ಮುಳುಗೆದ್ದೋನ್ಗೆ ಈ ಕೆಸ್ರು ಯಾವ ಲೆಕ್ಕ?"

ಶಿವಶಂಕರ್ ಹೀಗೆ ಕೂಗಿದ್ದು ಗುಂಡಿಗಿಳಿಯುವ ಮುದಕಪ್ಪನಿಗೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಕಸ ಗುಡಿಸುವವರನ್ನೂ ಕೊಳಚೆ ಗುಂಡಿ ನೋಡಿಕೊಳ್ಳುವವರನ್ನೂ ಒದಗಿಸುವ ಕಂಟ್ರಾಕ್ಟರು ಶಿವಶಂಕರ್. ಹೆಬ್ಬಗೋಡಿಯಲ್ಲಿ ಅವರೆಲ್ಲ ಬಾಡಿಗೆಗಿದ್ದ ವಠಾರವೂ ಅವನದೇ. ಅವನಿಗೆ ಎದುರಾಡಿದವರ ಕೆಲಸವೂ ಮನೆಯೂ ಒಟ್ಟಿಗೇ ಹೋಗುತ್ತಿದ್ದವು.

ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹಾಸಿದ ಮರದ ಕಾಲುದಾರಿಯ ಮೇಲೆ ಅವರು ನಿಂತಿದ್ದರು. ಕಂಪನಿಯ ಅಧಿಕಾರಿ ಸಮನ್ವಿತಾ ಎಲ್ಲರಿಗೂ 'ನಾವೆಲ್ಲ ಒಂದೇ ಕುಟುಂಬ' ಎಂದು ಅಚ್ಚು ಹಾಕಿಸಿದ ಬಿಳಿ ಅಂಗಿ ತೊಡಿಸಿ, ಫೋಟೋ ತೆಗೆಸಲೆಂದು ಬಸ್ಸಿನಲ್ಲಿ ಇಷ್ಟು ದೂರ ಕರೆತಂದಿದ್ದಳು. ಹೆಂಗಸರು ಸೀರೆಯ ಮೇಲೆಯೇ ಅದನ್ನು ತೊಟ್ಟಿದ್ದರು.

ನೀರಿಳಿದು ಕರಿಯ ಕೆಸರು ಬಾಯ್ದೆರೆದಿತ್ತು. ಅದರ ನಾತ ಕಸ ಗುಡಿಸುವ ಬಸಕ್ಕನ ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆಯ ಅದೇ ನಾತ. ಕಳೆದ ವರ್ಷ ಕಂಪನಿಯ ನೆಲಮಾಳಿಗೆಯ ಗುಂಡಿಯಿಂದ ಗಂಡ ದುರುಗಪ್ಪನ ಹೆಣ ಎತ್ತಿದಾಗ ಅವನ ಕೂದಲಲ್ಲಿದ್ದದ್ದು. 'ಕುಡಿದು ಬಿದ್ದ' ಎಂದು ಶಿವಶಂಕರ್ ಪೊಲೀಸರಿಗೆ ಹೇಳಿದ್ದ.

"ಬಸಕ್ಕ, ಸ್ವಲ್ಪ ಸ್ಮೈಲ್ ಮಾಡಿ ಪ್ಲೀಸ್. ನಿಮ್ಮ ಫೋಟೋನೇ ಇಂಪಾರ್ಟೆಂಟು," ಎನ್ನುತ್ತ ಸಮನ್ವಿತಾ ಕಾಲುದಾರಿಯ ಕಟಕಟೆಯಾಚೆಗೆ ಬೆನ್ನು ಬಾಗಿಸಿ ಫೋನು ಎತ್ತಿ ಹಿಡಿದಿದ್ದಳು. ಅದು ಕೈಜಾರಿ ಕೆಳಗಿನ ಕೆಸರಿಗೆ ಬಿದ್ದಿತು. ಶಿವಶಂಕರನ ಆ ಬೈಗುಳ ಹೊರಟದ್ದು ಆಗಲೇ.

"ಬೇಗ ಅಣ್ಣಾ, ನೀರು ಏರ್ತಿದೆ. ಫೋಟೋ ಎಲ್ಲಾ ಅದ್ರಲ್ಲೇ ಇದೆ," ಎಂದಳು ಸಮನ್ವಿತಾ.

ದುರುಗಪ್ಪನ ತಮ್ಮ ಮುದಕಪ್ಪ ಅಂಗಿ ಕಳಚಿ ಅತ್ತಿಗೆಯ ಕೈಗೆ ಚಾಚಿದ. ಗುಂಡಿಗಿಳಿಯುವವರ ಕಟ್ಟಳೆ ಅದು. ಇಳಿಯುವವನು ಅಂಗಿಯನ್ನು ಮೇಲಿರುವವನ ಕೈಗೆ ಕೊಡಬೇಕು; ಅದನ್ನು ಹಿಡಿದವನು ಇಳಿದವನ ಹೆಸರು ಕೂಗುತ್ತಲೇ ಇರಬೇಕು; ಕೆಳಗಿನಿಂದ 'ಓ' ಎಂಬ ಉತ್ತರ ಬಾರದಿದ್ದರೆ ಹಗ್ಗ ಎಳೆಯಬೇಕು. ದುರುಗಪ್ಪನ ಜೊತೆ ಇನ್ನೊಬ್ಬನನ್ನು ಶಿವಶಂಕರ್ ಕಳಿಸಿರಲಿಲ್ಲ. ಅವನ ಅಂಗಿ ಸಂಜೆಯವರೆಗೂ ಗುಂಡಿಯ ಪಕ್ಕದ ಪಂಪಿನ ಮೇಲೆ ನೇತಾಡುತ್ತಿತ್ತು.

ಬಸಕ್ಕ ಅಂಗಿ ಮುಟ್ಟಲಿಲ್ಲ.

"ತೊಟಗೋ ತಮ್ಮಾ."

"ಯಕ್ಕಾ, ಇದು ಬರೇ ರಾಡಿ ಐತಿ..."

"ನಿಮ್ಮಣ್ಣಗೂ ಬರೇ ರಾಡಿ ಅಂತನ ಹೇಳಿದ್ರು. ತೊಟಗೋ!"

"ಏನಮ್ಮೀ, ಬಾಲ ಬಿಚ್ತೀಯಾ?" ಶಿವಶಂಕರ್ ಮುಂದೆ ಬಂದ. "ನಾಳೆ ನಿನ್ ಪಾತ್ರೆಪಗಡ ಬೀದೀಲಿರ್ತವೆ, ನೆಪ್ಪಿರ್ಲಿ."

"ಇರಲಿ ಬಿಡು. ಬೀದ್ಯಾಗ ಉಸಿರರ ಆಡತೈತಿ." ಬಸಕ್ಕ ಅವನ ಎದೆಗೆ ನೇರವಾಗಿ ಕೈ ಚಾಚಿದಳು. "ನಿನ್ನ ಅಂಗಿ ಬಿಚ್ಚು."

"ಏನು?"

"ಅಂಗಿ ಬಿಚ್ಚಿ ಕೊಡಲೇ, ಭಾಡ್ಯಾ! ನೀ ಇಳಿ. ನಾ ಹಿಡಕೊಂತೀನಿ. ನಿನ್ನ ಹೆಸರು ಬಿಡದ ಕೂಗತೀನಿ. ನಿನ್ನಂಗ ಹೆಣಾ ಮ್ಯಾಲ ಬಂದಮ್ಯಾಗ 'ಕುಡದಿದ್ದ' ಅನ್ನಾಂಗಿಲ್ಲ ನಾ."

"ಶಿವಶಂಕರ್, ಏನಿದು? ಕಂಟ್ರೋಲ್ ಮಾಡಿ ಇವ್ರನ್ನ," ಎಂದಳು ಸಮನ್ವಿತಾ.

ಮುದಕಪ್ಪ ಅಂಗಿಯನ್ನು ಒಳಮಗ್ಗುಲು ಹೊರಗಾಗಿಸಿ ತೊಟ್ಟುಕೊಂಡ. ಅಕ್ಷರಗಳು ಅವನ ಎದೆಯ ಕಡೆಗೆ ತಿರುಗಿದವು. ಅವನ ಹಿಂದೆ ಒಬ್ಬ ಹೆಂಗಸು ತಾನೂ ಹಾಗೆಯೇ ತಿರುವಿ ಹಾಕಲು ಅಂಗಿ ಕಳಚತೊಡಗಿದಳು. ಕೆಳಗೆ ಫೋನು ಒಮ್ಮೆ ಬೆಳಗಿತು, ಉಬ್ಬರದ ನೀರು ಅದರ ಮೇಲೆ ಹರಿಯಿತು. ಬಸಕ್ಕನ ಕೈ ಚಾಚಿದಂತೆಯೇ ಇತ್ತು.

ಓದುಗರೇ, ನಿಮ್ಮ ಕಟ್ಟಡದಡಿಯಲ್ಲೂ ಅಂಥದೊಂದು ಗುಂಡಿಯಿದೆ. ನಾಳೆ ಅದರ ಬಾಯಿಯ ಬಳಿ ಹೋಗಿ ನಿಲ್ಲಿ. ಯಾರಾದರೂ ಅಂಗಿ ಕಳಚುತ್ತಿದ್ದರೆ ತಡೆಯಿರಿ. ಕಳಚಿಟ್ಟ ಅಂಗಿ ಮಾತ್ರ ಕಂಡರೆ ಜನರನ್ನು ಕೂಡಿಸಿ, ಇಳಿದವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ. ಆ ಹೆಸರನ್ನು ಇಂದೇ ಕೇಳಿ ತಿಳಿದುಕೊಳ್ಳಿ.